ಅಕ್ಕನ ಬಾವಿಯ ಮೀಟರ್

ನಿಯಮ ಮಾಡಿದ್ದು ಬೇರೆ ಯಾರೂ ಅಲ್ಲ, ಮೀಟರಪ್ಪನೇ. ಹಾಗಾಗಿ ಕೊನೆಯಲ್ಲಿ ಬೈಯುವುದಕ್ಕೂ ಅವನಿಗೆ ಇನ್ನೊಬ್ಬರು ಸಿಗಲಿಲ್ಲ.

ಮೀಟರಪ್ಪ ಎಂದರೆ ನದಿ ಕಣಿವೆಯ ನೀರು ಬಳಕೆದಾರರ ಸಂಘದ ಎಂಜಿನಿಯರ್. ಹೆತ್ತವರು ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಕಣಿವೆಯ ಪಂಪುಗಳಿಗೆಲ್ಲ ಮೀಟರ್ ಕೂರಿಸಿ ಸೀಲು ಒತ್ತುತ್ತಾ ತಿರುಗಿದ ಮೇಲೆ ಜನ ಅವನಿಗೆ ಈ ಹೆಸರು ಕಟ್ಟಿದರು. ಅಕ್ಕನೊಬ್ಬಳು ಮಾತ್ರ, ತಮ್ಮನ ತಲೆ ಅರ್ಧ ನರೆತಿದ್ದರೂ, ಪುಟ್ಟ ಎಂದೇ ಕರೆಯುತ್ತಿದ್ದಳು.

ನದಿ ಬೇಸಿಗೆಯಿಂದ ಬೇಸಿಗೆಗೆ ಸಣ್ಣದಾಗುತ್ತಾ ಬಂದಿತ್ತು. ಜನ ಆಕಾಶ ನೋಡಿ ಶಪಿಸುತ್ತಿದ್ದರು. ಮೀಟರಪ್ಪ ಪ್ರತಿ ಸಭೆಯಲ್ಲೂ ಗಂಟಲು ಹರಿದುಕೊಂಡು ಹೇಳುತ್ತಿದ್ದ: ನೆಲದೊಳಗಿನ ನೀರೇ ಒಸರಿ ಬಂದು ಬೇಸಿಗೆಯಲ್ಲಿ ನದಿಯಾಗಿ ಹರಿಯುವುದು, ನಮ್ಮ ಬಾವಿಗಳು ಅದನ್ನು ಮೊದಲೇ ಹೀರಿಬಿಟ್ಟರೆ ನದಿಗೆ ಮರಳು ಬಿಟ್ಟು ಇನ್ನೇನು ಉಳಿಯುತ್ತದೆ? ಕೊನೆಗೊಂದು ದಿನ ತನ್ನ ನಿಯಮವನ್ನು ಮುಂದಿಟ್ಟ. ಈ ಹಂಗಾಮಿನಲ್ಲಿ ಯಾರ ಮೀಟರ್ ಎಷ್ಟು ಓಡುತ್ತದೋ ಅದೇ ಅವರ ಪಾಲು. ಮುಂದಿನ ಹಂಗಾಮಿನಿಂದ ಎಲ್ಲರೂ ತಮ್ಮ ತಮ್ಮ ಪಾಲಿನಲ್ಲಿ ಒಂದಿಷ್ಟು ಬಿಟ್ಟುಕೊಡಬೇಕು, ದೊಡ್ಡವರಿಗೂ ಸಣ್ಣವರಿಗೂ ಒಂದೇ ಕಡಿತ. ಫ್ಯಾನು ಯಾರ ಕಡೆ ತಿರುಗಬೇಕೆಂದು ಗಂಟೆಗಟ್ಟಲೆ ಜಗಳವಾಡುವ ಜನ ಇದನ್ನು ಉಸಿರೆತ್ತದೆ ಒಪ್ಪಿ ಚಪ್ಪಾಳೆ ತಟ್ಟಿದರು. ಅವನಿಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ, ಮನುಷ್ಯ ಉಬ್ಬಿಹೋಗಿದ್ದ.

ಅಂದು ಸಂಜೆಯೇ ಅಕ್ಕನ ಮನೆಗೆ ಹೋದ. ಕಣಿವೆಯ ಮೇಲಂಚಿನಲ್ಲಿ ಅವಳದೊಂದು ನರ್ಸರಿ. ಟೊಮೆಟೊ, ಬದನೆ, ಮೆಣಸಿನ ಸಸಿ ಬೆಳೆಸಿ ರೈತರಿಗೆ ಕೊಡುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಅವಳ ಬದುಕೆಲ್ಲ ಆ ಹಸಿರು ಬಲೆಯ ಕೆಳಗೇ. ನೀರಿಗೆ ಅಪ್ಪ ತೋಡಿಸಿಕೊಟ್ಟ ಬಾವಿ, ಕಣಿವೆಯಲ್ಲೇ ಎಲ್ಲಕ್ಕಿಂತ ಆಳ ಕಡಿಮೆಯದು. ಸಭೆ ಗಿಭೆ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ತಮ್ಮ ಹೋಗುತ್ತಾನಲ್ಲ, ಸಾಕು ಎನ್ನುತ್ತಿದ್ದಳು.

"ಪುಟ್ಟ, ಈಗ ನಾನೆಷ್ಟು ನೀರು ಬಳಸ್ಬೇಕೋ?"

"ಸಸಿ ಕುಡಿಯೋವಷ್ಟು. ಒಂದು ಹನಿ ಹೆಚ್ಚು ಬೇಡ ಅಕ್ಕ."

"ಕಡಿಮೆ ಬಳಸಿದ್ರೆ ಏನೂ ತೊಂದ್ರೆ ಇಲ್ಲ ತಾನೆ?"

"ಏನು ತೊಂದ್ರೆ? ನಾನಿಲ್ವಾ?" ಎಂದ ತಮ್ಮ.

ಮರುದಿನ ಬೆಳಿಗ್ಗೆಯಿಂದ ಕಣಿವೆಯ ಪಂಪುಗಳು ಶುರುವಾದವು, ಮತ್ತೆ ನಿಲ್ಲಲಿಲ್ಲ.

ಮೊದಲ ವಾರ ಮೀಟರಪ್ಪ ಏನೋ ಬಿತ್ತನೆಯ ಭರಾಟೆ ಇರಬೇಕೆಂದುಕೊಂಡ. ಆಮೇಲೆ ಸ್ಕೂಟರಿನಲ್ಲಿ ಒಂದು ಸುತ್ತು ಹೋಗಿ ನೋಡಿದರೆ, ಕಟಾವಾದ ಜೋಳದ ಕೂಳೆಯ ಮೇಲೆ ಮೊಣಕಾಲುದ್ದ ನೀರು. ಬೀಳು ಬಿದ್ದ ಹೊಲದಲ್ಲಿ ಕೊಕ್ಕರೆಗಳು ನೆಂಟರಂತೆ ಬಂದಿಳಿದಿದ್ದವು. ರಸ್ತೆಯ ಚರಂಡಿ ತುಂಬಿ ಹರಿಯುತ್ತಿತ್ತು. ಆಲೂಗಡ್ಡೆ ಬೆಳೆಯುವವನೊಬ್ಬ ಪೈಪಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಏನಯ್ಯಾ ಇದು, ಹೊಲದಲ್ಲಿ ಒಂದು ಗಿಡ ಇಲ್ಲ, ಯಾರಿಗೆ ಕುಡಿಸ್ತಿದೀಯ?"

"ಮೀಟರಿಗೆ ಸಾರ್," ಎಂದ ಅವನು, ನಾಚಿಕೆಯಿಂದಲೇ. "ಈಗ ಓಡಿಸಿದಷ್ಟು ತಾನೆ ಮುಂದೆ ನಮ್ಮ ಪಾಲು? ಪಕ್ಕದವನು ಓಡಿಸ್ತಿದಾನೆ. ನಾನು ಸುಮ್ನಿದ್ರೆ ನನ್ನ ಮಕ್ಕಳು ನನ್ನ ಬಯ್ಯಲ್ವಾ?"

ಮೀಟರಪ್ಪನಿಗೆ ಆಗ ಅರ್ಥವಾಯಿತು. ನೀರು ಉಳಿಸಲು ತಾನು ಮಾಡಿದ ನಿಯಮವೇ ಕಣಿವೆಯನ್ನು ಬರಿದು ಮಾಡುತ್ತಿತ್ತು. ಇಷ್ಟು ಸಣ್ಣ ವಿಷಯ ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ರಸ್ತೆಯಲ್ಲೇ ಹಣೆ ಹಣೆ ಚಚ್ಚಿಕೊಂಡ. ಅಲ್ಲಿಂದ ನೇರ ಸಂಘದ ಅಧ್ಯಕ್ಷರ ತೋಟಕ್ಕೆ ಓಡಿದ. ಅವರ ಮಾತು ಕೇಳಿಸಬೇಕಾದರೆ ಹತ್ತಿರ ಹೋಗಿ ನಿಲ್ಲಬೇಕಾಯಿತು, ಹಿಂದೆ ಮೋಟಾರುಗಳು ಅಷ್ಟು ಜೋರಾಗಿ ಗುಂಯ್‌ಗುಡುತ್ತಿದ್ದವು.

"ನಿಯಮ ನಿಮ್ಮದೇ ಅಲ್ವೇನ್ರೀ?" ಎಂದರು ಅಧ್ಯಕ್ಷರು, ಬೆನ್ನು ತಟ್ಟುತ್ತಾ. "ಬದಲಾಯಿಸೋದಾದ್ರೆ ಮತ್ತೆ ಸಭೆ ಕರೀಬೇಕು. ಕರೀರಿ, ನನ್ನದೇನೂ ಅಡ್ಡಿ ಇಲ್ಲ. ಆದ್ರೆ ಬರೋರು ಯಾರು? ಎಲ್ರೂ ಮೋಟಾರ್ ಕಾಯ್ತಾ ಕೂತಿದಾರೆ."

ಅವನು ಸಭೆ ಕರೆದೇ ಕರೆದ. ಖಾಲಿ ಕುರ್ಚಿಗಳ ಮುಂದೆ ಫ್ಯಾನು ತನ್ನ ಪಾಡಿಗೆ ತಾನು ತಿರುಗಿತು.

ಇತ್ತ ಅಕ್ಕ, ತಮ್ಮ ಹೇಳಿದ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದಳು. ಸಸಿ ಕೊಳ್ಳಲು ಬಂದವರ ಮುಂದೆಲ್ಲ ತನ್ನ ಮೀಟರ್ ಎಷ್ಟು ಕಡಿಮೆ ಓಡಿದೆ ಎಂದು ಕರೆದು ತೋರಿಸುತ್ತಿದ್ದಳು. ಅವರು ಮುಖ ಮುಖ ನೋಡಿಕೊಂಡು ಸಸಿ ಎತ್ತಿಕೊಂಡು ಹೊರಡುತ್ತಿದ್ದರು. ಮೀಟರಪ್ಪ ಎಷ್ಟೋ ಸಲ ಅವಳ ಮನೆಯ ತಿರುವಿನವರೆಗೆ ಬಂದು ಸ್ಕೂಟರ್ ಹಿಂದಕ್ಕೆ ತಿರುಗಿಸಿದ. ಏನೆಂದು ಹೇಳುವುದು? ನೀನೂ ಸುರಿ ಎಂದರೆ ತನ್ನ ಬಾಯಿಂದಲೇ ತನ್ನ ನಿಯಮಕ್ಕೆ ಉಗಿದಂತೆ. ಹೇಳದಿದ್ದರೆ, ಹಂಗಾಮು ಮುಗಿದ ಮೇಲೆ ಕಣಿವೆಯಲ್ಲೇ ಅತಿ ಸಣ್ಣ ಪಾಲು ಸ್ವಂತ ಅಕ್ಕನದು, ಅದೂ ಶಾಶ್ವತವಾಗಿ. ಇಂದು ನಾಳೆ ಎನ್ನುತ್ತಾ ಕಡೆಯ ದಿನ ಬಂದುಬಿಟ್ಟಿತು. ಆವತ್ತು ಅವನಿಗೆ ತಡೆಯಲಾಗಲಿಲ್ಲ.

ಅಕ್ಕ ಮೀಟರಿನ ಗಾಜನ್ನು ಸೆರಗಿನಲ್ಲಿ ಒರೆಸಿ, ಪಕ್ಕದಲ್ಲೊಂದು ಸ್ಟೂಲು ಇಟ್ಟು ಕಾದಿದ್ದಳು. "ಬಾ, ಓದ್ಕೋ. ಇಡೀ ಕಣಿವೇಲಿ ನನ್ನಷ್ಟು ಕಡಿಮೆ ಯಾರದ್ದೂ ಇಲ್ಲ, ಹೌದಾ?" ಅವಳ ಮುಖ ಶಾಲೆಯಲ್ಲಿ ಮೊದಲನೆಯವಳಾಗಿ ಬಂದ ಹುಡುಗಿಯ ಮುಖದಂತೆ ಅರಳಿತ್ತು. ಮೀಟರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಕ್ಕ, ಇದು... ಇದೇ ನಿನ್ನ ಪಾಲು ಆಗೋದು. ಮುಂದೆ ಇದಕ್ಕಿಂತ ಹೆಚ್ಚು ಎತ್ತೋ ಹಾಗಿಲ್ಲ. ಹೆಚ್ಚು ಓಡಿಸಿದೋರಿಗೆ ಹೆಚ್ಚು."

ಅವಳು ಅರ್ಥವಾಗದೆ ನೋಡಿದಳು. ಆಮೇಲೆ ಅರ್ಥವಾಯಿತು. "ನಿಂಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಇವತ್ತು ಸಂಜೆವರೆಗೂ ಟೈಮಿದೆ. ಮೋಟಾರ್ ಹಾಕೋಣ. ಆದಷ್ಟು ಆಗ್ಲಿ."

"ಬಾವಿ ಹೇಗಿದೆ ನೋಡಿದ್ಯಾ?"

ಅವನು ನೋಡಿರಲಿಲ್ಲ. ತಿಂಗಳುಗಟ್ಟಲೆ ಮೀಟರುಗಳ ಸೂಜಿಗಳನ್ನು ನೋಡಿದ್ದನೇ ಹೊರತು ಈ ಬಾವಿಯೊಳಕ್ಕೆ ಒಮ್ಮೆಯೂ ಇಣುಕಿರಲಿಲ್ಲ. ಈಗಲೂ ಇಣುಕದೆ ಪಂಪಿನ ಮನೆಗೆ ನುಗ್ಗಿ ಸ್ವಿಚ್ ಒತ್ತಿದ. ಅಕ್ಕ ಹಿಂದಿನಿಂದ "ತಡಿಯೋ, ತಡಿಯೋ" ಎಂದದ್ದು ಮೋಟಾರಿನ ಸದ್ದಿನಲ್ಲಿ ಮುಳುಗಿತು. ಸೂಜಿ ಕದಲಿತು. ಅವನ ಕಣ್ಣು ಅಲ್ಲೇ ನೆಟ್ಟಿತು. ಓಡು, ಓಡು ಎಂದು ಮಗುವಿನ ಹಾಗೆ ಬಡಬಡಿಸಿದ. ತುಸು ಹೊತ್ತಿಗೆ ಪಂಪು ಕೆಮ್ಮಿತು, ಗೊರಗೊರ ಎಂದಿತು, ಸೂಜಿ ಮಾತ್ರ ಮೊದಲಿಗಿಂತ ಜೋರಾಗಿ ಸುತ್ತತೊಡಗಿತು.

ಅಕ್ಕ ಬಂದು ಸ್ವಿಚ್ ಆರಿಸಿದಳು.

"ಗಾಳಿಗೂ ಓಡುತ್ತಲ್ಲೋ ನಿನ್ನ ಮೀಟರು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಹೊರಗೆ ಬಂದ. ಪೈಪಿನ ಬಾಯಿಗೆ ಸಸಿಗಳತ್ತ ಹೋಗುವ ನಳಿಕೆ ಇರಲಿಲ್ಲ, ಎಂದೋ ಕಳಚಿಟ್ಟಿದ್ದಳು. ನೀರೆಲ್ಲ ಗಾಡಿದಾರಿಯ ಮೇಲೆ ಚೆಲ್ಲಿಹೋಗಿತ್ತು. ಬಾವಿಯ ಕಟ್ಟೆಯ ಮೇಲೆ ಹಗ್ಗ, ಬಿಂದಿಗೆ. ಈಗ ಇಣುಕಿದ. ತಳದಲ್ಲಿ ಒದ್ದೆ ಕೆಸರು ಬಿಟ್ಟರೆ ಏನೂ ಇರಲಿಲ್ಲ.

"ದಿನಕ್ಕೆ ಈ ಚೆಲ್ಲಿದಷ್ಟೇ ಒಸರೋದು ಈಗ," ಎಂದಳು ಅಕ್ಕ. "ಮೋಟಾರ್ ಮುಟ್ಟದೆ ಸೇದಿ ಸೇದಿ ಹಾಕ್ತಿದ್ದೆ. ಇವತ್ತು ಸಸಿಗೆ ಅಂತ ಇದ್ದಿದ್ದು ಅದೊಂದೇ ಕಣೋ."

ಹಸಿರು ಬಲೆಯ ಕೆಳಗೆ ಟ್ರೇಗಳಲ್ಲಿ ಸಸಿಗಳು ಆಗಲೇ ಕತ್ತು ಬಾಗಿಸಿದ್ದವು. ಕೆಳಗಿನ ಕಣಿವೆಯಿಂದ ಪಂಪುಗಳ ಸದ್ದು ಬರುತ್ತಲೇ ಇತ್ತು. ಅಕ್ಕ ಚೆಂಬು ಹಿಡಿದು ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಗಾಡಿಯ ಜಾಡಿನಲ್ಲಿ ನಿಂತ ನೀರನ್ನು ತೋಡಲು ಶುರುಮಾಡಿದ್ದಳು.

"ನಿಂತ್ಕೋಬೇಡ ಪುಟ್ಟ," ಎಂದಳು, ತಲೆ ಎತ್ತದೆ. "ಇಂಗೋದ್ರೊಳಗೆ ಬಾಚು ಬಾ."

ಅವನು ಅವಳ ಪಕ್ಕದಲ್ಲಿ ಮಂಡಿಯೂರಿ ಎರಡೂ ಕೈ ಒಡ್ಡಿ ಬಾಚಿದ. ಬೊಗಸೆಗೆ ಬಂದದ್ದು ಬರೀ ಕೆಸರು.