ಅವಿರೋಧ

“ಎಡಗಡೀಕ್ ತಿರುಗ್ಸವ್ವ, ಸೆರಗು ಸಿಕ್ತಿಲ್ಲ,” ಎಂದಳು ಶಿವಗಂಗಮ್ಮ.

ಸೌಜನ್ಯ ಅಜ್ಜಿ ಲಕ್ಕಮ್ಮನ ಭುಜಕ್ಕೆ ಕೈಕೊಟ್ಟು ಮೆಲ್ಲಗೆ ಹೊರಳಿಸಿದಳು. ಸ್ನಾನ ಮಾಡಿಸಿದ ಮೈ ಇನ್ನೂ ಒದ್ದೆಯಿತ್ತು. ಲಕ್ಕಮ್ಮನ ತಮ್ಮ ರಂಗಸ್ವಾಮಿ ಅರಕಲಗೂಡಿನಿಂದ ಬಸ್ಸು ಹಿಡಿದು ತಂದ ತವರಿನ ಸೀರೆ ಅದು. ಅದನ್ನು ಉಡಿಸದೆ ಹೆಣ ಎತ್ತುವಂತಿರಲಿಲ್ಲ.

“ಈವಮ್ಮನ್ ಎದ್ರಿಗೆ ನಿಂತು ಸೋತೆ. ಈಗ ನಾನೇ ಸೀರೆ ಉಡುಸ್ತಾ ಇವ್ನಿ ನೋಡು. ಅನ್ನೊಂದೇ ಓಟು ಕಣವ್ವ! ನಮ್ಮೋರು ಅದಿನಾಲ್ಕು ಜನ ಆವತ್ತೇ ಚನ್ರಾಯಪಟ್ಣದ ಮದ್ವೆಗೆ ಓಗ್ಬೇಕಿತ್ತಾ?”

“ಆ ಮದ್ವೆ ಗಂಡು-ಹೆಣ್ಣಿಗೆ ಅಜ್ಜಿ ಈಗ್ಲೂ ಯುಗಾದಿಗೆ ತೆಂಗಿನಕಾಯಿ ಕಳುಸ್ತಿತ್ತು,” ಎಂದಳು ಸೌಜನ್ಯ.

ಗೋಡೆಗೆ ಒರಗಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅದು ಅಳುವ ಮನೆಯಾಗಿರಲಿಲ್ಲ. ಎಪ್ಪತ್ತೆರಡು ತುಂಬಿತ್ತು, ನಿನ್ನೆ ಮಧ್ಯಾಹ್ನ ಮುದ್ದೆ ಉಂಡು ಮಲಗಿದವಳು ಏಳಲಿಲ್ಲ, ಅಷ್ಟೆ. ಬಂದವರೆಲ್ಲ ಪುಣ್ಯವಂತೆ ಎನ್ನುತ್ತಿದ್ದರು, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

*

ಮೊದಲ ಸಲ ಊರಿನ ಹಿರಿಯರೇ ಕೂತು ಲಕ್ಕಮ್ಮನ ಹೆಸರು ಬರೆದಿದ್ದರು. ಪಂಚಾಯಿತಿಯ ಆ ಸೀಟು ಮಹಿಳೆಗೆ ಮೀಸಲು. ಎದುರು ಯಾರೂ ನಿಲ್ಲಲಿಲ್ಲ. ಐದು ವರ್ಷ ಅವಳು ತೋರಿಸಿದ ಕಡೆ ರುಜು ಹಾಕಿದಳು. ಬಾಯಿ ತೆರೆದರೆ, ‘ನಿನ್ನ ಮೆಂಬರ್ ಮಾಡಿದ್ದು ನಾವು’ ಎನ್ನುತ್ತಿದ್ದರು. ಎರಡನೆಯ ಸಲ ಶಿವಗಂಗಮ್ಮ ಅರ್ಜಿ ಹಾಕಿದಾಗ, ವಾಪಸ್ ತೆಗೆಸುತ್ತೇವೆಂದು ಹಿರಿಯರು ಬಂದರು. ಲಕ್ಕಮ್ಮ ತೆಗೆಸಬೇಡಿ ಎಂದಳು. ಓಟಿನಿಂದ ಗೆದ್ದ ಮೇಲೆ, ಹಿರಿಯರನ್ನು ಕೇಳದೆ, ಕೂಲಿಯ ಹೆಂಗಸರೂ ಬರುವ ಹಾಗೆ ಗ್ರಾಮಸಭೆಯನ್ನು ಬೆಳಗಿನ ಹನ್ನೊಂದರಿಂದ ಸಂಜೆ ಆರಕ್ಕೆ ತಂದಳು.

ಮೈಸೂರಿನಲ್ಲಿ ಬೇರೆ ಬೇರೆ ದೇಶಗಳ ಸಂವಿಧಾನಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಮೊಮ್ಮಗಳು ರಜೆಗೆ ಬಂದರೆ, ಲಕ್ಕಮ್ಮ ಅವರೆಕಾಯಿ ಸುಲಿಯುತ್ತ ಓದಿಸಿ ಕೇಳುತ್ತಿದ್ದಳು.

“ಒಂದೇ ಪಕ್ಷ ಇರೋ ದೇಶಗಳೂ ಇದಾವಜ್ಜಿ. ಅಲ್ಲೂ ಎಲೆಕ್ಷನ್ ನಡೀತದೆ. ಚೀಟೀಲಿ ಒಂದೇ ಹೆಸರು.”

“ಸಂವಿಧಾನ ಇಲ್ವಾ ಅಲ್ಲಿ?”

“ಅದೆ. ಚೆನ್ನಾಗೇ ಬರ್ದವ್ರೆ.”

ಲಕ್ಕಮ್ಮನ ಕೈ ನಿಂತಿತು. “ಅಂಗಾರೆ ನಮ್ಮೂರ ಇರೀಕ್ರು ಅಲ್ಗೂ ಓಗಿದ್ರೇನವ್ವ?”

*

ಮಣ್ಣು ಹಾಕಿ ಬಂದವರು ತೋಟದ ತೊಟ್ಟಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಊರಿನ ಹಿರಿಯರ ಮಾತೆಲ್ಲ ಯಾರ ಬಾಯಿಂದ ಬರುತ್ತದೋ ಆ ಸಿದ್ದೇಶ್ವರ, ಟವಲಿನಿಂದ ಮುಖ ಒರೆಸಿಕೊಂಡು ಸೌಜನ್ಯಳ ಪಕ್ಕಕ್ಕೆ ಬಂದ.

“ಇವತ್ತು ಈ ಮಾತು ಏಳಬಾರ್ದು. ಆದ್ರೂ ಏಳ್ತೀನಿ. ಅಜ್ಜಿ ಸೀಟ್ಗೆ ನೀನೇ ಬಾರವ್ವ. ನಿನ್ ಓಟೂ ಇಲ್ಲೇ ಅದೆ.”

ಬೆಳಗಿನಿಂದ ಅವಳ ತಲೆಯಲ್ಲಿದ್ದುದೂ ಅದೇ. ಅಜ್ಜಿ ಇಲ್ಲದ ಮೇಲೆ ಗ್ರಾಮಸಭೆ ಮತ್ತೆ ಹನ್ನೊಂದು ಗಂಟೆಗೆ ಹೋಗುತ್ತದೆ. ತಡೆಯಬೇಕಾದರೆ ಆ ಸೀಟು ಬೇಕು. ಆದರೆ ಶಿವಗಂಗಮ್ಮನ ಬಳಗದಲ್ಲೇ ಅರವತ್ತು ಓಟುಗಳಿದ್ದವು. ನಿಂತರೆ ಸೋಲುವುದು ಹೆಚ್ಚುಕಡಿಮೆ ಖಚಿತ.

ಸಿದ್ದೇಶ್ವರನಿಗೆ ಅದೂ ಗೊತ್ತಿತ್ತು. “ಶಿವಗಂಗಕ್ಕನೂ ಒಪ್ಕಂಡದೆ. ಅರ್ಜಿ ಆಕಲ್ಲ ಅಂತು. ಲಕ್ಕಮ್ಮತ್ತೆಗೆ ಊರು ಮಾಡೋ ಮರ್ಯಾದೆ ಅಂದ್ಕೊ. ಜಗಳಿಲ್ಲ, ಗಲಾಟೆಯಿಲ್ಲ, ಅವಿರೋಧ.”

ಅವನ ದನಿಯಲ್ಲಿ ಕಪಟವಿರಲಿಲ್ಲ. ಸೌಜನ್ಯ ಶಿವಗಂಗಮ್ಮನ ಕಡೆ ನೋಡಿದಳು. ಶಿವಗಂಗಮ್ಮ ಬಗ್ಗಿ, ಆಗಲೇ ಶುಭ್ರವಾಗಿದ್ದ ಕಾಲನ್ನು ಮತ್ತೆ ಉಜ್ಜುತ್ತಿದ್ದಳು.

“ಓಟು?” ಎಂದಳು ಸೌಜನ್ಯ.

“ಎದ್ರಿಗೆ ಯಾರೂ ಇಲ್ಲ ಅಂದ್ಮೇಲೆ ಓಟ್ಯಾಕವ್ವ?”

“ಹಂಗಾದ್ರೆ ನಂಗೆ ಬ್ಯಾಡ, ಮಾವ.”