ಬಚ್ಚಲಮನೆಯೂ ನಾನೂ

ನಾನು ಒಂದು ಫೋಮ್ ಹಲಗೆ. ಕೋಣೆಯಲ್ಲಿ ದನಿ ಗುಂಯ್‌ಗುಡದಂತೆ ಗೋಡೆಗೆ ಅಂಟಿಸುತ್ತಾರಲ್ಲ, ಮೈತುಂಬ ಏಣುಗಳಿರುವ ಕಪ್ಪು ಸ್ಪಂಜು, ಅದೇ. ಕಾರ್ಖಾನೆಯಲ್ಲಿ ಹಾಲಿನಂತೆ ಉಕ್ಕಿ ಹುಟ್ಟಿದೆ, ಚೌಕವಾಗಿ ಕತ್ತರಿಸಿಕೊಂಡೆ, ಒಡಹುಟ್ಟಿದವರ ಜೊತೆ ಅಪ್ಪಚ್ಚಿಯಾಗಿ ಪೊಟ್ಟಣದಲ್ಲಿ ದಾವಣಗೆರೆಗೆ ಬಂದೆ.

ನನ್ನನ್ನು ಕೊಂಡವರು ಬಕ್ಕೇಶಪ್ಪ, ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಾಡುವವರು. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕೆಂಬುದು ಅವರ ಆಸೆ. ಹೆಂಡತಿ ಹಾಲಮ್ಮ ಸ್ಟೂಲು ಹಿಡಿದಳು. ಅವರು ಗೆರೆ ಎಳೆದು, ಅಂಟು ಬಳಿದು, ನನ್ನನ್ನು ಮೈಕಿನ ಎದುರಿಗೆ, ಸರಿಯಾಗಿ ತಮ್ಮ ಬಾಯಿಯ ಮಟ್ಟಕ್ಕೆ ಒತ್ತಿ ಹಿಡಿದರು. ಆ ಅಂಗೈಯ ಬಿಸಿಗೆ, ಇವರು ನನ್ನವರು ಎಂದು ತೀರ್ಮಾನಿಸಿಬಿಟ್ಟೆ. ಕೈ ಬಿಟ್ಟ ಸ್ವಲ್ಪ ಹೊತ್ತಿಗೇ ಕೆಳಗೆ ಬಿದ್ದೆ.

“ಸುಣ್ಣ ಕೆರೀದೆ ಹಚ್ಚಿದ್ರೆ ಇನ್ನೇನಾಗ್ತೈತ್ರೀ?” ಎಂದು ಹಾಲಮ್ಮ ನಕ್ಕಳು. ಗೋಡೆ ಕೆರೆದು, ಒರೆಸಿ, ಮತ್ತೆ ಅಂಟಿಸಿದರು.

ಬಕ್ಕೇಶಪ್ಪ ಹಾಡಿದರು. ನಾನು ಒಂದು ಸ್ವರವನ್ನೂ ಬಿಡದೆ ನುಂಗಿದೆ, ಏನನ್ನೂ ಹಿಂದಿರುಗಿಸಲಿಲ್ಲ. ನನ್ನ ಕೆಲಸವೇ ಅದಲ್ಲವೇ? ಅವರು ಅರ್ಧಕ್ಕೇ ನಿಲ್ಲಿಸಿದರು. “ಹಾಲೂ, ಹೆಣದ ಮುಂದೆ ಹಾಡ್ದಂಗಾಗ್ತೈತಿ. ನನ್ ದನಿ ನಂಗೇ ವಾಪಸ್ ಬರ್ತಿಲ್ಲ!”

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಅದೇ ಹಾಡು ಕೇಳಿಸಿತು. ಟೈಲ್ಸುಗಳು ಅವರ ದನಿಯನ್ನು ಒಂದಕ್ಕೆರಡು ಮಾಡಿ ಹಿಂದಿರುಗಿಸುತ್ತಿದ್ದವು. ಅವರು ಅಲ್ಲಿಗೇ ಮೈಕು ಒಯ್ದರು, ಆ ಹಾಡನ್ನು ಊರವರು ಹೊಗಳಿದರು, ನನ್ನ ಹೊಟ್ಟೆ ಧಗಧಗ ಉರಿಯಿತು. ಏನಿದೆ ಆ ಬಚ್ಚಲಲ್ಲಿ? ಸೋಪಿನ ಜಿಡ್ಡು, ತೊಟ್ಟಿಕ್ಕುವ ನಲ್ಲಿ, ಎದುರಿಗೆ ಬಂದವರನ್ನೆಲ್ಲ ಹೊಗಳುವ ಚಾಳಿ! ಸಾಲದ್ದಕ್ಕೆ ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಹಂಡೆಗೆ ಕುಂಕುಮ, ಹೂವಿನ ಹಾರ. ನನಗೆ ಪೊರಕೆಯ ಏಟು. ನನ್ನ ಕೋಣೆಗೆ ಹಳೇ ಹಾಸಿಗೆ ತಂದು ತುಂಬಿದರು. ಒಮ್ಮೆ ಬಚ್ಚಲಿನ ಟೈಲ್ಸು ಒಡೆಯಿತೆಂದು ತಿಳಿದು ನನಗೆ ಸ್ವರ್ಗ ಸಿಕ್ಕಷ್ಟು ಖುಷಿಯಾಯಿತು. ವಾರ ಕಳೆಯುವುದರೊಳಗೆ ಹೊಸದು ಹಾಕಿಸಿದರು.

ವರ್ಷಗಳು ಕಳೆದವು. ಬಕ್ಕೇಶಪ್ಪನವರ ಗಂಟಲಿಗೆ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಬಚ್ಚಲಲ್ಲಿ ಒಂದು ಸಾಲು ಹಾಡಿನೋಡಿದರು. ದನಿ ಒಡೆದಿತ್ತು. ಟೈಲ್ಸುಗಳು ಆ ಒಡಕನ್ನೂ ಒಂದಕ್ಕೆರಡು ಮಾಡಿ ಮುಖಕ್ಕೆ ಎರಚಿದವು. ಅಂದಿನಿಂದ ಅವರು ಹಾಡುವುದನ್ನೇ ಬಿಟ್ಟರು. ಹಾಲಮ್ಮ ಎಷ್ಟು ಗೋಗರೆದರೂ ಬಾಯಿ ತೆರೆಯಲಿಲ್ಲ. ಮನೆಯೆಲ್ಲ ಬಿಕೋ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದು, ಹಾಸಿಗೆ ಸರಿಸಿ, ಬಾಗಿಲು ಹಾಕಿಕೊಂಡು ನನ್ನೆದುರು ನಿಂತರು. ಮೆಲ್ಲಗೆ ಒಂದು ಸಾಲು ಹಾಡಿದರು. ನುಂಗಿದೆ. ತಡೆದು, ಇನ್ನೊಂದು ಸಾಲು. ಅದನ್ನೂ ನುಂಗಿದೆ. ಆಮೇಲೆ ಹಾಡು ಪೂರ್ತಿ ಮುಗಿಸಿದರು. ಬಾಗಿಲು ತೆರೆದಾಗ ಹೊರಗೆ ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

“ಇಲ್ಲಿ ಹಾಡ್ಬೋದು ನೋಡು,” ಎಂದರು ಬಕ್ಕೇಶಪ್ಪ. “ಇದು ಎದುರು ಮಾತಾಡಲ್ಲ.”

ಆ ದೀಪಾವಳಿಗೆ ಹಾಲಮ್ಮ ಹಂಡೆಗೆ ಕುಂಕುಮವಿಟ್ಟ ಬೆರಳಿನಲ್ಲೇ ಬಂದು ನನಗೂ ಒಂದು ಬೊಟ್ಟು ಇಟ್ಟಳು. ಅಲ್ಲೂ ಹಂಡೆಗೇ ಮೊದಲು!

ಈಗ ನನ್ನ ಮೈ ಪುಡಿಯಾಗಿ ಉದುರುತ್ತಿದೆ. ಅವರು ದಿನವೂ ಬರುತ್ತಾರೆ. ಹೊಟ್ಟೆಕಿಚ್ಚು ಆರಿತೇ ಎಂದು ಕೇಳಬೇಡಿ. ಅವರ ಒಳ್ಳೆಯ ದನಿಯನ್ನೆಲ್ಲ ಬಚ್ಚಲೇ ಉಂಡಿತು, ನನ್ನ ಪಾಲಿಗೆ ಬಂದದ್ದು ಒಡಕು. ಆದರೆ ಈ ಒಡಕು ದನಿ ನನ್ನೊಬ್ಬನದು. ಇದರಲ್ಲಿ ಒಂದು ಚೂರನ್ನೂ ಯಾರಿಗೂ ಕೊಡೆನು.