ಮುಖಪುಟಕ್ಕೆ ಏಳು ಪದರ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೂರು ವರ್ಷದಿಂದ ಫೋಟೋ ತೆಗೆಯುತ್ತಿದ್ದವಳು ಅಕ್ಕ. ಬಹುಮಾನ ವಿತರಣೆ, ರಕ್ತದಾನ ಶಿಬಿರ, ಸಸಿ ನೆಡುವ ಪ್ರಾಂಶುಪಾಲರು, ಆ ಸಸಿ ಒಣಗಿದ ಮೇಲೆ ಅದೇ ಗುಂಡಿಯಲ್ಲಿ ಇನ್ನೊಂದನ್ನು ನೆಡುವ ಅದೇ ಪ್ರಾಂಶುಪಾಲರು, ಎಲ್ಲವನ್ನೂ ತೆಗೆದವಳು ಅವಳೇ. ಎಲ್ಲವೂ ಒಳಪುಟಗಳಲ್ಲಿ ಅಂಚೆಚೀಟಿಯಷ್ಟಾಗಿ ಅಚ್ಚಾದವು. ಮುಖಪುಟದಲ್ಲಿ ಕಾಲೇಜಿನ ಕಟ್ಟಡ ಬೇರೂರಿ ಕೂತಿತ್ತು. ಈ ವರ್ಷ ಸಂಚಿಕೆಯ ಹೊಣೆ ಹೊತ್ತ ಮೇಷ್ಟ್ರು ಅದನ್ನು ಎಬ್ಬಿಸಿ, ವಿದ್ಯಾರ್ಥಿಗಳು ತೆಗೆದ ಫೋಟೋ ಒಂದನ್ನು ಹಾಕೋಣ ಎಂದರು. ಮಾತಿನ ನಡುವೆ ಎಲ್ಲೆಂದರಲ್ಲಿ ನಿಲ್ಲುವ ಅವರಿಗೆ ಹುಡುಗರಿಟ್ಟ ಹೆಸರು ಅಲ್ಪವಿರಾಮ. ಅಕ್ಕನಿಗೆ ಇದು ಕೊನೆಯ ವರ್ಷ. ಮುಖಪುಟ ತನ್ನದೇ ಎಂದು ಅವಳು ಮನಸ್ಸಿನಲ್ಲೇ ಅಚ್ಚು ಹಾಕಿಸಿಯೂ ಆಗಿತ್ತು.

ಅದೇ ವರ್ಷ ತಂಗಿ ಅದೇ ಕಾಲೇಜಿಗೆ ಸೇರಿದಳು. ಮನೆಯಲ್ಲಿದ್ದದ್ದು ಒಂದೇ ಕ್ಯಾಮೆರಾ, ಚಿಕ್ಕಪ್ಪ ಬಳಸಿ ಬಿಟ್ಟದ್ದು. ತಂಗಿಗೂ ಕಲಿಸು ಎಂದು ಅಮ್ಮ ಹೇಳಿದಾಗ ಅಕ್ಕ ದೊಡ್ಡ ಮನಸ್ಸು ಮಾಡಿದಳು. ಹೇಳಿಕೊಡುವುದರಲ್ಲಿ ಒಂದು ಸುಖವಿದೆ. ಕಲಿಯುವವರು ದಡ್ಡರಾಗಿದ್ದರೆ ಆ ಸುಖ ಇನ್ನೂ ಹೆಚ್ಚು. ತಂಗಿ ಮೊದಲ ದಿನ ಲೆನ್ಸಿನ ಮುಚ್ಚಳ ತೆಗೆಯದೆಯೇ ಹದಿನೆಂಟು ಫೋಟೋ ತೆಗೆದಳು. ಚೌಕಟ್ಟನ್ನು ಮೂರು ಪಾಲು ಮಾಡಿ ನೋಡಬೇಕು, ಬೆಳಕಿಗೆ ಬೆನ್ನು ಕೊಟ್ಟು ನಿಲ್ಲಬೇಕು ಎಂದು ಅಕ್ಕ ಹೇಳಿಕೊಟ್ಟದ್ದಕ್ಕೆಲ್ಲ ಹೂಂ ಎಂದಳು, ಒಂದನ್ನೂ ಪಾಲಿಸಲಿಲ್ಲ. ಕ್ಯಾಮೆರಾದ ಪಟ್ಟಿಯನ್ನಂತೂ ಯಾವಾಗಲೂ ಸಿಕ್ಕುಸಿಕ್ಕಾಗಿ ತುರುಕಿಡುತ್ತಿದ್ದಳು. ಅದನ್ನು ಬಿಡಿಸಿ ನೀಟಾಗಿ ಸುತ್ತಿಡುವಾಗ ಅಕ್ಕನಿಗೆ ಒಳಗೊಳಗೇ ನೆಮ್ಮದಿ.

ಆ ನೆಮ್ಮದಿ ಮೂರು ವಾರ ಬಾಳಿತು. ಆಮೇಲೆ ತಂಗಿ ಪ್ರಯೋಗಾಲಯದ ಅಟೆಂಡರನ ಫೋಟೋ ತಂದಳು. ತೊಳೆದ ಗಾಜಿನ ಫ್ಲಾಸ್ಕನ್ನು ಅವನು ಕಿಟಕಿಗೆ ಎತ್ತಿ ಹಿಡಿದಿದ್ದಾನೆ, ಕಲೆ ಉಳಿದಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾನೆ. ಅರ್ಧ ಮುಖ ಕತ್ತಲು. ಹಿಂದೆ ಮೊಳೆಗೆ ನೇತುಹಾಕಿದ ಒದ್ದೆ ಬಟ್ಟೆ. ಅವಳು ಬೆಳಕಿಗೆ ಎದುರಾಗಿಯೇ ನಿಂತು ತೆಗೆದಿದ್ದಳು. ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿ, ಇದು, ಮುಖಪುಟ, ಎಂದರು. ಅಕ್ಕನ ಫೋಟೋ, ಮಳೆನೀರಿನಲ್ಲಿ ತಲೆಕೆಳಗಾದ ಮೆಟ್ಟಿಲು, ಹಿಂಬದಿಯ ರಕ್ಷಾಪುಟಕ್ಕಿರಲಿ ಎಂದರು. ಕಂಪ್ಯೂಟರಿನಲ್ಲಿ ಸ್ವಲ್ಪ ತಿದ್ದುವ ಕೆಲಸವನ್ನು ಅನುಭವಸ್ಥಳೆಂದು ಅಕ್ಕನಿಗೇ ಒಪ್ಪಿಸಿದರು.

ಮೆಟ್ಟಿಲಿನ ಕೆಳಗಿನ ಸಂಚಿಕೆಯ ಕೋಣೆಯಲ್ಲಿ, ಉಬ್ಬಸದ ರೋಗಿಯಂತೆ ಏದುಸಿರು ಬಿಡುವ ಕಂಪ್ಯೂಟರಿನ ಮುಂದೆ ಅಕ್ಕ ಕೂತಳು. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಿತ್ತು. ಹಾಳು ಮಾಡಬೇಕೆಂದು ಅವಳೇನೂ ಕೂರಲಿಲ್ಲ. ತಿದ್ದುತ್ತೇನೆ ಎಂದೇ ಕೂತಳು. ತಿದ್ದುವಾಗ ಮೂಲ ಚಿತ್ರವನ್ನು ಮುಟ್ಟುವಂತಿಲ್ಲ. ಪ್ರತಿ ತಿದ್ದುಪಡಿಯೂ ಗಾಜಿನ ಹಾಳೆಯಂತೆ ಅದರ ಮೇಲೊಂದು ಪದರವಾಗಿ ಕೂರುತ್ತದೆ, ಪಕ್ಕದಲ್ಲಿ ಪುಟ್ಟ ಕಣ್ಣಿನ ಗುರುತು. ಅದನ್ನು ಒತ್ತಿದರೆ ಆ ಪದರ ಮಾಯ. ಅಕ್ಕ ಮುಖದ ಕತ್ತಲಿಗೆ ಬೆಳಕು ತುಂಬಿದಳು. ಒದ್ದೆ ಬಟ್ಟೆಯನ್ನು ಅಳಿಸಿ ಅಲ್ಲಿ ಗೋಡೆ ಬೆಳೆಸಿದಳು. ಸುಕ್ಕು ನುಣುಪಾಯಿತು, ಶರ್ಟಿನ ಬಣ್ಣ ಏರಿತು. ಮೂರು ವರ್ಷ ಕಲಿತದ್ದೆಲ್ಲ ಏಳು ಪದರವಾಗಿ ಅಟೆಂಡರನ ಮೇಲೆ ಕೂತಿತು.

ಕರಡು ಪ್ರತಿಯನ್ನು ಗೋಡೆಗೆ ಅಂಟಿಸಿದಾಗ ಮೊದಲು ನೋಡಿದವನು ಅಟೆಂಡರೇ. ಅವನು ತಲೆ ಓರೆ ಮಾಡಿ ನೋಡಿದ.

"ಚೆನ್ನಾಗಿದೆ ಕಣಮ್ಮ. ಥೇಟ್ ನಮ್ಮಣ್ಣನೇ. ಅವನಿಗೆ ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸ."

ಆಮೇಲೆ ಮೇಷ್ಟ್ರು ಬಂದರು. ಅದೇಕೋ, ಮೊದಲಿನ ಹಾಗೆ, ಅನ್ನುತ್ತ ನಿಂತವರು ಮಾತು ಮುಗಿಸಲೇ ಇಲ್ಲ. ಕೊನೆಗೆ ಬಂದವಳು ತಂಗಿ.

"ಚೆನ್ನಾಗಿಲ್ಲ ಅಲ್ವಾ ಅಕ್ಕಾ? ತೆಗೆದಾಗ ಏನೋ ಇದೆ ಅನ್ನಿಸಿತ್ತು. ನನ್ನ ಕಣ್ಣಿಗೆ ಇನ್ನೂ ಗೊತ್ತಾಗಲ್ಲ. ಮುಖಪುಟಕ್ಕೆ ನಿಂದೇ ಹಾಕಲಿ, ಸರ್‌ಗೆ ನಾನೇ ಹೇಳ್ತೀನಿ."

ಹೇಳಿಯೂ ಬಂದಳು. ಮೇಷ್ಟ್ರು ಒಪ್ಪಿದರು. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು, ಎರಡನ್ನೂ ಅದಲುಬದಲು ಮಾಡಿಕೊಡು ಎಂದು ಅಕ್ಕನಿಗೆ ಹೇಳಿ ಕಳಿಸಿದರು. ತಂಗಿ ಮನೆಗೆ ಹೊರಡುವ ಮುಂಚೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. ಇನ್ನು ನೀನೇ ಇಟ್ಟುಕೋ ಎಂದಳು, ಅಷ್ಟೆ. ಅದರ ಪಟ್ಟಿ ಸುರುಳಿ ಸುರುಳಿಯಾಗಿ, ಅಕ್ಕ ಸುತ್ತುವ ಹಾಗೆಯೇ, ನೀಟಾಗಿತ್ತು.

ಬೇಕಾದದ್ದು ಸಿಕ್ಕಿತ್ತು. ಅಕ್ಕ ಮೆಟ್ಟಿಲಿನ ಚಿತ್ರವನ್ನು ಮುಖಪುಟಕ್ಕೆ ತಂದು ನೋಡಿದಳು. ಅಂದವಾಗಿತ್ತು. ಮೂರನೆಯ ಸಲ ನೋಡಿದಾಗಲೂ ಅಂದವಾಗಿಯೇ ಇತ್ತು, ಅದಕ್ಕಿಂತ ಹೆಚ್ಚು ಏನೂ ಇರಲಿಲ್ಲ. ಕಣ್ಣು ಮತ್ತೆ ಮತ್ತೆ ಕ್ಯಾಮೆರಾದ ಪಟ್ಟಿಯ ಕಡೆಗೇ ಹೋಗುತ್ತಿತ್ತು.

ಅಟೆಂಡರನ ಫೈಲು ತೆರೆದಳು. ಒಂದು ಪದರದ ಕಣ್ಣು ಒತ್ತಿದಳು, ಶರ್ಟು ಮಾಸಿತು. ಇನ್ನೊಂದು ಒತ್ತಿದಳು, ಸುಕ್ಕುಗಳು ಮರಳಿ ಬಂದವು. ಮೊಳೆಗೆ ಒದ್ದೆ ಬಟ್ಟೆ ಬಂತು, ಅರ್ಧ ಮುಖ ಕತ್ತಲಿಗೆ ಹೋಯಿತು. ಏಳನೆಯದು ಹೋದಾಗ ಫ್ಲಾಸ್ಕಿನಲ್ಲಿ ಬೆಳಕು ಹೊತ್ತಿಕೊಂಡಿತು. ಅದೆಲ್ಲಿಂದ ಬಂತೆಂದು ಅಕ್ಕನಿಗೆ ಆಗ ಕಂಡಿತು: ಸುತ್ತಲ ಕತ್ತಲಿಂದ. ಅವಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು. ಉರಿಯುತ್ತಿದ್ದಂತೆಯೇ ತನ್ನ ಮೆಟ್ಟಿಲನ್ನು ಹಿಂಬದಿಗೆ ಕಳಿಸಿದಳು, ಅಟೆಂಡರನನ್ನು ಮುಂದೆ ತಂದಳು, ಮೇಷ್ಟ್ರಿಗೆ ತೋರಿಸಿ ಫೈಲನ್ನು ಅಚ್ಚಿಗೆ ಕೊಟ್ಟಳು.

ಸಂಚಿಕೆ ಬಿಡುಗಡೆಯಾದ ದಿನ ಮೇಷ್ಟ್ರು ವೇದಿಕೆಯಲ್ಲಿ ಅದನ್ನು ಎತ್ತಿ ಹಿಡಿದರು. ಎಡಿಟಿಂಗ್ ಅಂದರೆ, ಇದು, ನೋಡಿ ಕಲಿಯಿರಿ, ಎಂದು ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ಏನೂ ಮಾಡದ ಕೆಲಸಕ್ಕೆ ಅಷ್ಟು ಚಪ್ಪಾಳೆ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಸಭೆ ಮುಗಿದ ಮೇಲೆ ತಂಗಿ ಸಂಚಿಕೆ ಹಿಡಿದು ಹಿಂದೆ ಬಿದ್ದಳು.

"ಹೇಗೆ ಮಾಡ್ದೆ ಅಕ್ಕಾ? ನನಗೂ ಹೇಳಿಕೊಡು."

"ಏಳು ಪದರ ಹಾಕಿದ್ದೆ. ಏಳನ್ನೂ ತೆಗೆದೆ. ಇದು ನೀನು ತೆಗೆದಿದ್ದೇ."

"ಮತ್ತೆ ಮೊದಲು ಯಾಕೆ ಹಾಕಿದ್ದೆ?"

"ಹೊಟ್ಟೆಕಿಚ್ಚಿಗೆ," ಎಂದಳು ಅಕ್ಕ, ಪೆನ್ನು ಖಾಲಿಯಾಗಿದೆ ಎನ್ನುವ ಧ್ವನಿಯಲ್ಲಿ.

ತಂಗಿ ಮುಖಪುಟವನ್ನು ನೋಡಿದಳು, ಅಕ್ಕನನ್ನು ನೋಡಿದಳು. ಹಾಗಾದರೆ ನನ್ನ ಕಣ್ಣು ಸರಿಯಾಗೇ ಇದೆ ಅನ್ನು, ಎಂದು ನಕ್ಕುಬಿಟ್ಟಳು. ಅಕ್ಕನ ಚೀಲಕ್ಕೆ ಕೈ ಹಾಕಿ ಕ್ಯಾಮೆರಾ ತೆಗೆದುಕೊಂಡು, ಅದರ ಪಟ್ಟಿಯನ್ನು ಮುದ್ದೆ ಮಾಡಿ ತನ್ನ ಚೀಲಕ್ಕೆ ತುರುಕಿ ಹೊರಟೇಹೋದಳು.

ಕ್ಷಮಿಸುವುದೂ ಇವಳಿಗೆ ಇಷ್ಟು ಸಲೀಸಾಗಿ ಬರುತ್ತದಲ್ಲ ಎಂದು ಅಕ್ಕನಿಗೆ ಮತ್ತೆ ಹೊಟ್ಟೆ ಉರಿಯಿತು.